ಅಂಗಾತ ಹಾರಿದ ಡೇಗೆ

ಕಿಟಕಿಯ ಕಡೆ ಎಡ, ಬಾಗಿಲ ಕಡೆ ಬಲ. ಇದರಲ್ಲಿ ಅನುಮಾನಕ್ಕೆ ಎಡೆಯೆಲ್ಲಿ? ಎಕ್ಸ್‌ರೇ ಮೇಜಿನ ತಲೆ ಇರುವುದು ಗೋಡೆಗೆ. ಅದರ ಮೇಲೆ ಯಾರೇ ಬಂದು ಮಲಗಲಿ, ರಾಜನಿರಲಿ ತಿರುಕನಿರಲಿ, ಅವರ ಎಡಗೈ ಕಿಟಕಿಯ ಕಡೆಗೇ ಬರುತ್ತದೆ. ಆದರೆ ಮಾವ ಮಲಗಿದ್ದು ಅಂಗಾತವಲ್ಲವಲ್ಲ. ಬೋರಲು. ಬೋರಲು ಮಲಗಿದವನ ಎಡಗೈ ಬಾಗಿಲ ಕಡೆಗೆ ಹೋಗುತ್ತದೆ. ಹಾಗಾದರೆ ಎಡ ಇದೆಂದು ತೋರಿಸಲು ಇಟ್ಟ ಆ ಅಕ್ಷರ? ಅದನ್ನು ಬಾಗಿಲ ಕಡೆಗೆ ಸರಿಸಿದೆನೋ, ಅಭ್ಯಾಸಬಲದಿಂದ ಕಿಟಕಿಯ ಕಡೆಯೇ ಬಿಟ್ಟೆನೋ?

ಕಣ್ಣಿಗೊತ್ತಿಕೊಂಡಿದ್ದ ಕ್ಯಾಮೆರಾವನ್ನು ಅವನು ಮೆಲ್ಲನೆ ಕೆಳಗಿಳಿಸಿದ. ಮುಚ್ಚಿಹೋದ ಗಿರಣಿಯ ಗೋದಾಮಿನ ತಾರಸಿ ಅದು. ಎದುರಿಗೆ, ಹೊಗೆ ನಿಂತು ಎಷ್ಟೋ ಕಾಲವಾದ ಚಿಮಣಿ. ಅದರ ನೆತ್ತಿಯ ಬಿರುಕಿನಲ್ಲಿ ಒಂದು ಜೋಡಿ ಡೇಗೆಗಳ ಗೂಡು. ಹದ್ದಿಗಿಂತ ಚಿಕ್ಕ ಹಕ್ಕಿ, ಆದರೆ ಪಾರಿವಾಳದ ಮೇಲೆ ಎರಗಿದರೆ ಕವಣೆ ಕಲ್ಲು ಬಿದ್ದ ಹಾಗೆ. ರಜೆ ಸಿಕ್ಕಿದಾಗಲೆಲ್ಲ ಅವನು ಇಲ್ಲಿಗೆ ಬಂದು ಕೂರುತ್ತಿದ್ದ. ಕಪ್ಪು-ಬಿಳುಪು ಫಿಲ್ಮ್ ಹಾಕಿದ ಹಳೆಯ ಕ್ಯಾಮೆರಾ, ತೋಳಿನಷ್ಟು ಉದ್ದದ ಲೆನ್ಸು. ಅವನಿಗೆ ಬೇಕಾದದ್ದು ನೀಲಿ ಆಕಾಶವಲ್ಲ, ಮೋಡ ತೆಳುವಾಗಿ ಹರಡಿ ಹಾಲಿನ ಗಾಜಿನ ಹಾಗಾದ ಆಕಾಶ. ಅಂಥ ಬೆಳಕಿನಲ್ಲಿ ಹಕ್ಕಿ ತಲೆಯ ಮೇಲೆ ಹಾದರೆ ರೆಕ್ಕೆಯ ಒಂದೊಂದು ಗರಿಯೂ ಎಲುಬಿನ ಹಾಗೆ ಎಣಿಸಲು ಸಿಗುತ್ತದೆ. ಫೋಟೋದಲ್ಲಿ ಆಕಾಶ ಬರಿಯ ಬೆಳ್ಳಗಾದರೆ ಆಗಲಿ, ರೆಕ್ಕೆಯ ಒಳಗಿನ ಬೂದು ಬಣ್ಣ ಉಳಿದರೆ ಸಾಕು ಎಂದು ಅವನು ಬೆಳಕನ್ನು ಧಾರಾಳವಾಗಿ ಒಳಗೆ ಬಿಡುತ್ತಿದ್ದ.

ಇವತ್ತು ಸಿಕ್ಕಿತ್ತು. ಗಂಡು ನದಿಯ ಕಡೆಯಿಂದ ಪಾರಿವಾಳವೊಂದನ್ನು ಕಾಲಲ್ಲಿ ಹಿಡಿದು ಬಂತು. ಹೆಣ್ಣು ಗೂಡಿನಿಂದ ಹಾರಿ, ಅವನ ತಲೆಯ ಮೇಲೆ ಹಾದು, ಗಂಡಿಗೆ ಎದುರಾಗಿ ಹೊರಟಿತು. ಆ ಹೆಣ್ಣಿನ ಎಡರೆಕ್ಕೆಯಲ್ಲಿ ಒಂದು ಗರಿ ಇಲ್ಲ. ಉದುರಿದ ಹಲ್ಲಿನ ಜಾಗದ ಹಾಗೆ ಒಂದು ಸಂದು. ಅದರಿಂದಲೇ ಅವನು ಅದನ್ನು ಗುರುತಿಸುತ್ತಿದ್ದುದು. ಅವನಿಗೆ ಬೆನ್ನು ಹಾಕಿ ಹಾರುತ್ತಿದ್ದ ಹಕ್ಕಿಯನ್ನು ಲೆನ್ಸಿನಲ್ಲಿ ಹಿಂಬಾಲಿಸುತ್ತ, ಉಸಿರು ಹಿಡಿದು, ಬೆರಳನ್ನು ಗುಂಡಿಯ ಮೇಲಿಟ್ಟು ಕಾದ. ಗಂಡು ಮೇಲೆ ಬಂದ ಕೂಡಲೇ ಹೆಣ್ಣು ಆಕಾಶದಲ್ಲೇ ಮಗುಚಿ, ಹೊಟ್ಟೆ ಮೇಲೆ ಮಾಡಿ, ಎರಡೂ ಕಾಲು ಚಾಚಿ ಪಾರಿವಾಳವನ್ನು ಕಸಿದುಕೊಂಡಿತು. ಅವನು ಗುಂಡಿ ಒತ್ತಿದ. ಆ ಗಳಿಗೆಯಲ್ಲೇ ಒಂದು ಗಲಿಬಿಲಿ: ಗರಿಯಿಲ್ಲದ ಸಂದು ಬಲಕ್ಕೆ ಕಾಣುತ್ತಿದೆ! ಇದು ಬೇರೆ ಹಕ್ಕಿಯೇ? ಅಲ್ಲ, ಅದೇ ಹಕ್ಕಿ. ಅಂಗಾತ ಹಾರುತ್ತಿದೆ, ಅಷ್ಟೆ. ಮಗುಚಿದರೆ ಎಡ ಬಲವಾಗುತ್ತದೆ.

ಮಗುಚಿದರೆ ಎಡ ಬಲವಾಗುತ್ತದೆ. ಈ ಮಾತು ಮನಸ್ಸಿನಲ್ಲಿ ಮುಗಿಯುವಷ್ಟರಲ್ಲಿ ಎಕ್ಸ್‌ರೇ ಮೇಜಿನ ಮೇಲೆ ಬೋರಲು ಮಲಗಿದ ಮಾವನ ಬೆನ್ನು ಕಣ್ಣಿಗೆ ಕಟ್ಟಿತು.

ಇವತ್ತು ಬೆಳಿಗ್ಗೆಯೇ ಮಾವನಿಗೆ ಆಪರೇಷನ್. ಮೂತ್ರಪಿಂಡದಲ್ಲಿ ಕಲ್ಲು. ಒಂದರಲ್ಲಿದೆ, ಇನ್ನೊಂದರಲ್ಲಿ ಇಲ್ಲ. ನೋವು ಎಲ್ಲಿ ಎಂದು ಕೇಳಿದರೆ ಮಾವ, "ಎಲ್ಲಿ ಮುಟ್ಟಿದ್ರೂ ನೋವೇ, ನೀವು ಮುಟ್ಟಬೇಡಿ" ಎನ್ನುವ ಆಸಾಮಿ. ಆಸ್ಪತ್ರೆಯ ಸ್ಕ್ಯಾನ್ ಯಂತ್ರ ಕೆಟ್ಟು ಕೂತಿತ್ತು. ಯಾವ ಕಡೆ ಕೊಯ್ಯಬೇಕೆಂದು ಹೇಳುವುದು ಎಕ್ಸ್‌ರೇ ಪ್ಲೇಟು. ಪ್ಲೇಟಿನಲ್ಲಿ ಎಡ ಯಾವುದೆಂದು ಹೇಳುವುದು ಅಂಗಿಯ ಗುಂಡಿಯಷ್ಟು ದೊಡ್ಡ, 'ಎಲ್' ಎಂಬ ಸೀಸದ ಅಕ್ಷರ. ಅದನ್ನು ಇಟ್ಟವನು ಅವನು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಕೆಲಸಗಾರ, ಎಲ್ಲರ ಬಾಯಲ್ಲೂ ಬರಿಯ 'ಎಕ್ಸ್‌ರೇ'.

ಮಾವನಿಗೂ ಅವನಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಜಗಳ ಎಂದರೆ ಜಗಳವೂ ಅಲ್ಲ. ಮಾವನದು ಪೇಂಟಿನ ಅಂಗಡಿ. ನೆಲದಿಂದ ಸೂರಿನವರೆಗೆ ಡಬ್ಬಗಳು, ಗೋಡೆ ತುಂಬ ಬಣ್ಣದ ಪಟ್ಟಿಗಳು. ಬರಿಯ ಹಸಿರು ಎಂದು ಕೇಳಿದವರನ್ನು, "ಎಲೆ ಹಸಿರಾ, ಪಾಚಿ ಹಸಿರಾ, ಗಿಳಿ ಹಸಿರಾ? ಬಾಯಿ ಬಿಟ್ಟು ಹೇಳಿ" ಎಂದು ಗದರುವ ಮನುಷ್ಯ. ಅಂಥವರ ಕಿರಿಯ ಮಗಳ ಮದುವೆಗೆ ಫೋಟೊ ತೆಗೆಯುವ ಕೆಲಸ ಹಿರಿಯ ಅಳಿಯನ ಪಾಲಿಗೆ ಬಂತು. ಅವನು ಎಲ್ಲವನ್ನೂ ಕಪ್ಪು-ಬಿಳುಪಿನಲ್ಲಿ ತೆಗೆದ. ಚೆನ್ನಾಗಿಯೇ ತೆಗೆದ, ನಾದಿನಿಯ ಕಣ್ಣಿನ ನೀರು ಕೂಡ ಎದ್ದು ಕಾಣುತ್ತಿತ್ತು. ಮಾವ ಆಲ್ಬಮ್ಮಿನ ಪುಟಗಳನ್ನು ಒಂದೊಂದಾಗಿ ಮಗುಚಿ, ಮುಚ್ಚಿ, ಹಿರಿಯ ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಬಣ್ಣಕ್ಕೆ ಬರ ಬಂದಿತ್ತಾ? ನನ್ನನ್ನ ಕೇಳಿದ್ರೆ ಒಂದು ಡಬ್ಬ ಕೊಡ್ತಿದ್ದೆ" ಎಂದರು. ಅವನು, ಬಣ್ಣ ಮುಖವನ್ನು ಮುಚ್ಚಿಬಿಡುತ್ತದೆ ಎನ್ನಬೇಕೆಂದಿದ್ದ. ಎನ್ನಲಿಲ್ಲ. ಅಲ್ಲಿಂದ ಇಬ್ಬರ ನಡುವೆ ಮೌನ ಬಂದು ಕೂತಿತು. ಮೊದಮೊದಲು ಅದು ಚುಚ್ಚುತ್ತಿತ್ತು. ಆಮೇಲೆ ಮನೆಯಲ್ಲಿ ಅಡ್ಡವಾಗಿ ಇಟ್ಟ ಹಳೆಯ ಬೀರುವಿನಂತಾಯಿತು. ಯಾರೂ ಸರಿಸಲಿಲ್ಲ, ಎಲ್ಲರೂ ಸುತ್ತು ಹಾಕಿಕೊಂಡು ಓಡಾಡಲು ಕಲಿತರು.

ಎಕ್ಸ್‌ರೇ ತೆಗೆದ ದಿನವೂ ಹಾಗೆಯೇ. ಮಾವನ ಬೆನ್ನು ಗೂನು, ಅಂಗಾತ ಮಲಗಿಸಿದರೆ ನೋವಿಗೆ ಮುಲುಗುತ್ತಿದ್ದರು. ಅದಕ್ಕೇ ಬೋರಲು ಮಲಗಿಸಿದ. ತೋಳು ಹಿಡಿದು ಮಗುಚಿದಾಗಲೂ ಇಬ್ಬರೂ ತುಟಿ ಬಿಚ್ಚಿರಲಿಲ್ಲ. ಅವನು ಅಕ್ಷರವನ್ನು ಕೈಗೆತ್ತಿಕೊಂಡದ್ದು ನೆನಪಿದೆ. ಅಷ್ಟರಲ್ಲಿ ಮೇಜಿನ ಮೇಲೆ ಕೆನ್ನೆಯೊತ್ತಿ ಮಲಗಿದ್ದ ಮಾವ, ಯಾರಿಗೂ ಅಲ್ಲವೆಂಬಂತೆ, "ಇದಾದ್ರೂ ಬಣ್ಣದಲ್ಲಿ ಬರುತ್ತಾ?" ಎಂದುಬಿಟ್ಟರು.

ಅವನಿಗೆ ನಗು ತಡೆಯಲಾಗಲಿಲ್ಲ. ಮೂಗಿನಿಂದ ಬುಸ್ಸೆಂದು ಬಂದುಬಿಟ್ಟಿತು. ಮಾವನ ಬೆನ್ನೂ ಒಂದು ಸಲ ಕುಲುಕಿತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು ಗಾಜಿನ ಹಿಂದೆ ಹೋಗಿ, "ಉಸಿರು ಹಿಡ್ಕೊಳ್ಳಿ" ಎಂದ. ಯಂತ್ರ ಗುಂಯ್‌ಗುಟ್ಟಿತು. "ಬಿಡಿ" ಎಂದ. ಅಷ್ಟು ಕಾಲದಲ್ಲಿ ಅವನು ಮಾವನಿಗೆ ನೇರವಾಗಿ ಆಡಿದ ಮಾತು ಅಷ್ಟೆ. ಪ್ಲೇಟು ಸಿದ್ಧವಾದಾಗ ಬೆಳಕಿಗೆ ಹಿಡಿದು ನೋಡಿದ್ದ. ಪಕ್ಕೆಲುಬುಗಳು ಬಿಚ್ಚಿದ ರೆಕ್ಕೆಯ ಹಾಗೆ ಬಂದಿದ್ದವು. ಕಲ್ಲು ಚುಕ್ಕಿಯಿಟ್ಟಂತೆ ಕಾಣುತ್ತಿತ್ತು. ಎಂಥ ಚಿತ್ರ ಎಂದು ಖುಷಿಪಟ್ಟನೇ ಹೊರತು ಅಕ್ಷರ ಯಾವ ಕಡೆ ಇದೆ ಎಂದು ನೋಡಲೇ ಇಲ್ಲ. ಅಕ್ಷರ ಎತ್ತಿಕೊಂಡದ್ದಕ್ಕೂ ಉಸಿರು ಹಿಡಿಯಲು ಹೇಳಿದ್ದಕ್ಕೂ ನಡುವೆ ಆ ನಗು ನಿಂತಿತ್ತು. ಅದರ ಹಿಂದೆ ಏನು ನಡೆಯಿತೆಂದು ಎಷ್ಟು ತಡಕಿದರೂ ಸಿಗಲೊಲ್ಲದು.

ಅವನು ಹೆಂಡತಿಗೆ ಫೋನು ಮಾಡಿದ. ಎತ್ತಲಿಲ್ಲ. ವಾರ್ಡಿನಲ್ಲಿ ಸದ್ದು ಮುಚ್ಚಿಟ್ಟಿರುತ್ತಾಳೆ. ಬೆಳಿಗ್ಗೆ ತಾನೂ ಬರುತ್ತೇನೆಂದಾಗ ಅವಳೇ ಬೇಡವೆಂದಿದ್ದಳು. "ನೀನು ಬಂದ್ರೆ ಏನಾಗುತ್ತೆ ಹೇಳು? ನೀನು ಒಂದು ಗೋಡೆ ನೋಡ್ತೀಯ, ಅಪ್ಪ ಇನ್ನೊಂದು ಗೋಡೆ ನೋಡ್ತಾರೆ. ನಾನು ನಡುವೆ ಕೂತು ಫ್ಯಾನ್ ನೋಡ್ಬೇಕು. ಹೋಗು, ನಿನ್ನ ಹಕ್ಕಿ ನೋಡ್ಕೊ. ಮುಗಿದ ಮೇಲೆ ಹೇಳ್ತೀನಿ." ಹೊರಡುವಾಗ ಅವನ ಕಾಲರನ್ನು ಸರಿಮಾಡಿ ಕಳಿಸಿದ್ದಳು.

ಎಕ್ಸ್‌ರೇ ಕೋಣೆಗೆ ಫೋನು ಮಾಡಿದ. ಅಲ್ಲಿ ಅವನ ಜೊತೆ ಕೆಲಸ ಮಾಡುವ ಹೆಂಗಸು ಎತ್ತಿದಳು.

"ನಮ್ಮ ಮಾವನ ಪ್ಲೇಟು ಅಲ್ಲೇನಾದ್ರೂ ಇದೆಯಾ?"

"ಆಗಲೇ ಮೇಲೆ ತಗೊಂಡು ಹೋದ್ರಲ್ಲ. ಯಾಕೆ, ಅದನ್ನೂ ಫ್ರೇಮ್ ಹಾಕಿಸ್ತೀರಾ?"

"ಮೇಲೆ ಅಂದ್ರೆ?"

"ಆಪರೇಷನ್ ಥಿಯೇಟರಿಗೆ. ಏನ್ರೀ, ದನಿ ಯಾಕೆ ಹೀಗಿದೆ?"

ಅವನು ಫೋನು ಇಟ್ಟ. ತಲೆಯ ಮೇಲೆ ಹೆಣ್ಣು ಡೇಗೆ ಪಾರಿವಾಳ ಹಿಡಿದು ಗೂಡಿಗೆ ಮರಳುತ್ತಿತ್ತು, ಗಂಡು ಅದರ ಹಿಂದೆಯೇ ಸುತ್ತುತ್ತಿತ್ತು. ಅಷ್ಟು ಹತ್ತಿರ, ಅಂಥ ಬೆಳಕಿನಲ್ಲಿ, ಎರಡೂ ಒಟ್ಟಿಗೆ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಅವನು ತಲೆಯೆತ್ತಲಿಲ್ಲ. ಲೆನ್ಸನ್ನು ಬಿಚ್ಚಿ ಚೀಲಕ್ಕೆ ಹಾಕುವಷ್ಟೂ ವ್ಯವಧಾನವಿಲ್ಲದೆ ಕ್ಯಾಮೆರಾ ಕೊರಳಲ್ಲಿ ನೇತಾಡುತ್ತಿದ್ದಂತೆಯೇ ಏಣಿ ಇಳಿದ. ಕೆಳಗೆ ಗಿರಣಿಯ ಕಾವಲುಗಾರ ಬೀಡಿ ಹಚ್ಚುತ್ತಿದ್ದವನು, "ಇವತ್ತು ಹಕ್ಕಿಯೇ ಅಟ್ಟಿಸಿಕೊಂಡು ಬಂತಾ ಸಾರ್?" ಎಂದು ಕೂಗಿದ.

ಸೈಕಲ್ಲು ತುಳಿಯುತ್ತ ಸೇತುವೆ ಏರಿದ. ಗಾಳಿ ಎದುರಿಗಿತ್ತು. ಲೆನ್ಸು ಎದೆಗೆ ಬಡಿಯುತ್ತಿತ್ತು. ನಗಬಾರದಿತ್ತು ಎಂದುಕೊಂಡ. ಕೂಡಲೇ, ನಕ್ಕದ್ದು ತಪ್ಪೇ ಎಂದುಕೊಂಡ. ಇಷ್ಟು ಕಾಲದ ಮೇಲೆ ಆ ಮನುಷ್ಯ ಒಂದು ಮಾತಾಡಿದ್ದ. ಅದೂ ಅವನ ಮುಖ ನೋಡದೆ, ಬೋರಲು ಮಲಗಿದ್ದರಿಂದಲೇ ಧೈರ್ಯ ಬಂದವನ ಹಾಗೆ. ಆ ಮಾತಿಗೆ ಸಿಕ್ಕಿದ ನಗುವಿನ ಬೆಲೆ ಈಗ ಆ ಮನುಷ್ಯನ ನೆಟ್ಟಗಿರುವ ಮೂತ್ರಪಿಂಡವಾಗಿಬಿಟ್ಟರೆ? ಹೆಂಡತಿಗೆ ಏನೆಂದು ಹೇಳುವುದು? ನಿಮ್ಮಪ್ಪ ತಮಾಷೆ ಮಾಡಿದ್ರು, ನಾನು ನಕ್ಕೆ, ಅದಕ್ಕೆ ಹೀಗಾಯ್ತು ಎಂದೇ? ಹಿಂದಿನಿಂದ ಬಸ್ಸೊಂದು ಹಾರನ್ನು ಹೊಡೆದು ಹೊಡೆದು ಸಾಕಾಗಿ ಪಕ್ಕಕ್ಕೆ ಹಾಯ್ದು ಹೋಯಿತು. ಚಾಲಕ ಏನೋ ಬೈದ. ಬೈಗುಳ ಹಿತವಾಗಿಯೇ ಇತ್ತು.

ಆಸ್ಪತ್ರೆಯ ಮೇಲಂತಸ್ತಿನ ಮೊಗಸಾಲೆಯಲ್ಲಿ, ಥಿಯೇಟರಿನ ಜೋಡಿ ಬಾಗಿಲಿನ ಮುಂದೆ, ತಳ್ಳುಗಾಡಿಯ ಮೇಲೆ ಮಾವ ಮಲಗಿದ್ದರು. ಹಸಿರು ಹೊದಿಕೆ, ತಲೆಗೆ ಹಸಿರು ಟೋಪಿ. ಪಕ್ಕದಲ್ಲಿ ಹೆಂಡತಿ. ಇನ್ನೂ ಒಳಗೆ ಕರೆದಿರಲಿಲ್ಲ. ಗೋಡೆ ಹಿಡಿದು ನಿಂತ. ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು.

"ಏನಾಯ್ತು ನಿನಗೆ?" ಎಂದು ಹೆಂಡತಿ ಎದ್ದಳು. "ಯಾರಾದ್ರೂ ಏನಾದ್ರೂ ಅಂದ್ರಾ? ಬಿದ್ದೆಯಾ?"

ಮಾವ ಕತ್ತು ಹೊರಳಿಸಿ ಅವನನ್ನು ನೋಡಿದರು. ಬೆವರು, ಕೆದರಿದ ಕೂದಲು, ಕೊರಳಲ್ಲಿ ತೋಪಿನ ಹಾಗೆ ನೇತಾಡುವ ಕ್ಯಾಮೆರಾ. ಒಂದು ಗಳಿಗೆ ಅವರ ಮುಖದಲ್ಲಿ ಏನೋ ಸಡಿಲವಾಯಿತು.

"ಏನಯ್ಯಾ," ಎಂದರು, ನೇರವಾಗಿ ಅವನಿಗೇ, "ನನ್ನ ಕೊನೇ ಫೋಟೊ ತೆಗೆಯೋಕೆ ಓಡಿ ಬಂದ್ಯಾ?"

"ಅಪ್ಪಾ!" ಎಂದಳು ಹೆಂಡತಿ.

"ಇರಲಿ ಬಿಡೇ. ಈ ಟೋಪಿ ಯಾವ ಹಸಿರು ಅಂತ ಇವನ ಫೋಟೋದಲ್ಲಿ ಗೊತ್ತಾಗಲ್ಲ, ಅದೇ ಪುಣ್ಯ. ಇಂಥ ಹಸಿರು ನಾನು ಶತ್ರುವಿಗೂ ಮಾರಲ್ಲ."

"ಒಂದು ನಿಮಿಷ ಮಾವ," ಎಂದ ಅವನು. ಅಷ್ಟೇ ಹೊರಟದ್ದು ಬಾಯಿಂದ. ಪಕ್ಕದ ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದ.

ಡಾಕ್ಟರಮ್ಮ ಮೊಣಕೈವರೆಗೆ ನೊರೆ ಹಚ್ಚಿಕೊಂಡು ಕೈ ತೊಳೆಯುತ್ತಿದ್ದರು. ಆಸ್ಪತ್ರೆಯಲ್ಲಿ ಅವರ ನಾಲಿಗೆ ಅವರ ಚಾಕುವಿಗಿಂತ ಹರಿತ ಎಂದು ಹೆಸರಾಗಿತ್ತು.

"ಏನಪ್ಪಾ ಎಕ್ಸ್‌ರೇ, ಇವತ್ತು ರಜಾ ಅಲ್ವಾ? ಚಪ್ಪಲಿ ಹಾಕ್ಕೊಂಡು ಎಲ್ಲಿಗೆ ನುಗ್ತಾ ಇದ್ದೀಯ?"

"ಮೇಡಂ, ಮಾವನ ಪ್ಲೇಟು ಒಂದ್ಸಲ ನೋಡ್ಬೇಕಿತ್ತು."

"ಈಗ್ಲಾ? ಯಾಕೆ?"

ಇಲ್ಲಿ ಸುಮ್ಮನಿರುವುದು ಅವನಿಗೆ ಸುಲಭವಿತ್ತು. ಸುಮ್ಮನಿರುವುದರಲ್ಲಿ ಅವನು ಪಳಗಿದವನು. ಏನೋ ಒಂದು ನೆಪ ಹೇಳಿ ಪ್ಲೇಟು ನೋಡಿಬಿಡಬಹುದಿತ್ತು. ಆದರೆ ಹೊರಗೆ ತಳ್ಳುಗಾಡಿಯ ಚಕ್ರ ಕಿರುಗುಟ್ಟಿದ ಸದ್ದು ಕೇಳಿಸಿತು.

"ಬೋರಲು ಮಲಗಿಸಿ ತೆಗೆದಿದ್ದೆ. ಎಡದ ಅಕ್ಷರ ಆ ಕಡೆಗೆ ಬದಲಾಯಿಸಿದೆನೋ ಇಲ್ವೋ ನೆನಪಿಲ್ಲ."

ಡಾಕ್ಟರಮ್ಮ ನಲ್ಲಿಯನ್ನು ಮೊಣಕೈಯಿಂದ ನಿಲ್ಲಿಸಿದರು. ನೊರೆ ಸುರಿಯುತ್ತಿದ್ದ ಕೈಗಳನ್ನು ಹಾಗೆಯೇ ಮೇಲೆ ಹಿಡಿದುಕೊಂಡು ಒಳಬಾಗಿಲ ಕಡೆ ಗದ್ದ ಆಡಿಸಿದರು. ಅಲ್ಲಿ ಗೋಡೆಯ ಮೇಲಿನ ಬೆಳಕಿನ ಪೆಟ್ಟಿಗೆಗೆ ಪ್ಲೇಟು ಆಗಲೇ ಸಿಕ್ಕಿಸಿತ್ತು. ಗುಂಡಿ ಒತ್ತಿದ. ಬೆಳಕು ಎರಡು ಸಲ ಮಿಟುಕಿ ಹೊತ್ತಿಕೊಂಡಿತು.

ಹಾಲಿನಂಥ ಬೆಳಕು, ಅದರ ಮೇಲೆ ಬೂದು ಮತ್ತು ಕಪ್ಪು. ಅಕ್ಷರವನ್ನು ಅವನು ಮೊದಲು ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ. ಹೊಟ್ಟೆಯ ಗಾಳಿಯನ್ನು ಹುಡುಕಿದ. ಜಠರದಲ್ಲಿ ಸದಾ ಒಂದಿಷ್ಟು ಗಾಳಿ ಇರುತ್ತದೆ, ಪ್ಲೇಟಿನಲ್ಲಿ ಅದು ಕಪ್ಪು ಗುಳ್ಳೆಯಾಗಿ ಕಾಣುತ್ತದೆ. ಮನುಷ್ಯ ಅಂಗಾತ ಮಲಗಲಿ, ಬೋರಲು ಮಲಗಲಿ, ತಲೆಕೆಳಗಾಗಿ ನೇತಾಡಲಿ, ಅದರ ಜಾಗ ಎಡಗಡೆಯೇ. ಅದಕ್ಕೆ ಯಾರೂ ಅಕ್ಷರ ಅಂಟಿಸಬೇಕಾಗಿಲ್ಲ. ಪಕ್ಕೆಲುಬಿನ ಕೆಳಗೆ ಗುಳ್ಳೆ ಸಿಕ್ಕಿತು. ಅದೇ ಕಡೆ ಸ್ವಲ್ಪ ಕೆಳಗೆ, ಕಡಲೆಕಾಳಿನಷ್ಟು ಬೆಳ್ಳಗೆ ಕಲ್ಲು. ಆಮೇಲೆ, ಬಾವಿಗೆ ಇಣುಕುವವನ ಹಾಗೆ, ಪ್ಲೇಟಿನ ಅಂಚಿಗೆ ಕಣ್ಣು ಹಾಯಿಸಿದ.

ಅಕ್ಷರ ಅಲ್ಲೇ ಇತ್ತು. ಗುಳ್ಳೆಯ ಕಡೆ. ಎಡಗಡೆ.

ಅಂದರೆ ಸರಿಸಿದ್ದ. ಯಾವಾಗ? ನಗುವಾಗಲೋ, ನಕ್ಕ ಮೇಲೋ? ಅವನಿಗೆ ಈಗಲೂ ನೆನಪಾಗಲಿಲ್ಲ. ಮನಸ್ಸು ನಗುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಬಾಗಿಲ ಕಡೆಗೆ ಹೋಗಿ ಅಕ್ಷರ ಇಟ್ಟು ಬಂದಿತ್ತು.

ಹಿಂದೆ ನಿಂತಿದ್ದ ಡಾಕ್ಟರಮ್ಮ ಕೇಳಿದರು, "ನೋಡಿದ್ಯಾ?"

"ಸರಿಯಾಗಿದೆ ಮೇಡಂ."

"ಗ್ಯಾಸ್ ಎಲ್ಲಿದೆ ಅಂತ ನಾನೂ ನೋಡಿದ್ದೀನಪ್ಪ. ನಿನ್ನೆ ನೋಡಿದೆ, ಇವತ್ತೂ ನೋಡಿದೆ. ಒಂದು ಸೀಸದ ಚೂರು ನಂಬ್ಕೊಂಡು ಹೊಟ್ಟೆ ಕೊಯ್ತೀನಿ ಅಂದ್ಕೊಂಡ್ಯಾ? ಇಡೀ ಆಸ್ಪತ್ರೆ ನಿನ್ನ ಹೆಗಲ ಮೇಲೆ ನಿಂತಿದೆ ಅಂತ ಭ್ರಮೆ ಬೇರೆ." ಮತ್ತೆ ನಲ್ಲಿಯ ಕಡೆ ಹೊರಟವರು ತಿರುಗಿದರು. ದನಿ ಇಳಿದಿತ್ತು. "ಆದ್ರೂ ಬಂದು ಹೇಳಿದೆಯಲ್ಲ, ಒಳ್ಳೇದಾಯ್ತು. ಮೊದಲು ಉಸಿರು ಬಿಡು. ನೀಲಿ ಆಗ್ತಾ ಇದ್ದೀಯ."

ಆಗಲೇ ಅವನಿಗೆ ಗೊತ್ತಾದದ್ದು, ತಾನು ಉಸಿರು ಹಿಡಿದುಕೊಂಡೇ ನಿಂತಿದ್ದೇನೆಂದು.

ಹೊರಗೆ ಬಂದಾಗ ಗಾಡಿಯನ್ನು ಒಳಗೆ ತಳ್ಳುತ್ತಿದ್ದರು. ಮಾವ ಹೊದಿಕೆಯ ಅಡಿಯಿಂದ ಒಂದು ಕೈ ಹೊರಗೆ ಹಾಕಿ ಅವನ ಮಣಿಕಟ್ಟನ್ನು ಹಿಡಿದರು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಬಣ್ಣ, ಒಂದೊಂದು ಉಗುರಿಗೆ ಒಂದೊಂದು. "ಹೋಗ್ಬರ್ತೀನಿ," ಎಂದರು. ಅವನು, "ಉಸಿರು ಹಿಡ್ಕೊಬೇಡಿ," ಎಂದ. ಯಾಕೆ ಹಾಗೆಂದನೋ. ಮಾವನಿಗೆ ನಗು ಬಂತು. ಬಾಗಿಲು ಮುಚ್ಚಿದ ಮೇಲೂ ಆ ನಗು ಕೆಮ್ಮಾಗಿ ಬದಲಾಗುವುದು ಕೇಳಿಸಿತು.

ಹೆಂಡತಿ ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. "ಹಕ್ಕಿ ಬರಲಿಲ್ವಾ?"

"ಬಂದಿತ್ತು."

"ಮತ್ತೆ ಬಿಟ್ಟು ಬಂದೆಯಲ್ಲ?"

"ಸುಮ್ನೆ."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಏನು ಅರ್ಥ ಮಾಡಿಕೊಂಡಳೋ, ತಲೆಯನ್ನು ಅವನ ಒದ್ದೆ ಭುಜಕ್ಕೆ ಆನಿಸಿದಳು. ಇಬ್ಬರೂ ಒಂದೇ ಗೋಡೆಯನ್ನು ನೋಡುವ ಹಾಗೆ ಕೂತಿದ್ದರು. ಅವನಿಗೆ ಮೈಯೆಲ್ಲ ಹಗುರಾಗಿ, ಸಣ್ಣಗೆ ಹಸಿವಾಗತೊಡಗಿತು.

ಕಲ್ಲು ಸುಸೂತ್ರವಾಗಿ ಹೊರಬಂತು. ಮಾವ ಅದನ್ನು ಚಿಕ್ಕ ಸೀಸೆಯಲ್ಲಿ ಹಾಕಿಸಿಕೊಂಡು, ಬಂದವರಿಗೆಲ್ಲ ತೋರಿಸಿ, "ಇದಕ್ಕೆ ಮಾಸಲು ಹಳದಿ ಅಂತಾರೆ" ಎಂದು ಬಣ್ಣದ ಹೆಸರು ಹೇಳಿದರು.

ಫಿಲ್ಮನ್ನು ಅವನು ಮನೆಯ ಬಚ್ಚಲಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಸಾವಕಾಶವಾಗಿ ತೊಳೆದ. ತಟ್ಟೆಯ ಮದ್ದಿನ ನೀರಿನೊಳಗಿನ ಕಾಗದದಲ್ಲಿ ಚಿತ್ರ ಮೂಡಿತು. ಮೊದಲು ಕಣ್ಣು, ಆಮೇಲೆ ಕೊಕ್ಕು, ಆಮೇಲೆ ಅಂಗಾತ ಬಿಚ್ಚಿದ ರೆಕ್ಕೆಯ ಪಟ್ಟೆಗಳು. ಎರಡೂ ಹಕ್ಕಿಗಳ ಕಾಲು ಒಂದೇ ಪಾರಿವಾಳದ ಮೇಲೆ. ಗಂಡು ಬಿಡುತ್ತಿದೆ, ಹೆಣ್ಣು ಹಿಡಿಯುತ್ತಿದೆ. ಗರಿಯಿಲ್ಲದ ಸಂದಿನಲ್ಲಿ ಬೆಳ್ಳನೆಯ ಆಕಾಶ. ಅಷ್ಟು ಚೆಂದದ ಚಿತ್ರ ಅವನು ಹಿಂದೆ ತೆಗೆದಿರಲಿಲ್ಲ. ದೊಡ್ಡದಾಗಿ ಪ್ರಿಂಟು ಹಾಕಿ, ಎದ್ದು ಓಡಾಡುವಂತಾಗಿದ್ದ ಮಾವನಿಗೆ ಕೊಂಡುಹೋಗಿ ಕೊಟ್ಟ. ಮಾವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಬೂದು ಬಣ್ಣದಲ್ಲೇ ಎಷ್ಟೊಂದು ಬಗೆ ಇದೆಯಲ್ಲೋ," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಮುಂದಿನ ಸಲ ಅಂಗಡಿಗೆ ಹೋದಾಗ ಬಣ್ಣದ ಪಟ್ಟಿಗಳ ನಟ್ಟನಡುವೆ, ಒಂದು ಸಾಲು ಹಳದಿಗಳನ್ನು ಕಿತ್ತು ಜಾಗ ಮಾಡಿ, ಚಿತ್ರಕ್ಕೆ ಕಟ್ಟು ಹಾಕಿ ತೂಗುಹಾಕಿದ್ದರು. ತಲೆಕೆಳಗಾಗಿ. ಹಕ್ಕಿ ಅಂದ ಮೇಲೆ ನೆಟ್ಟಗೆ ಹಾರಬೇಕು ಎಂದು ದೊಡ್ಡ ಹಕ್ಕಿಯನ್ನು ನೆಟ್ಟಗೆ ಮಾಡಿದ್ದರು. ಡೇಗೆಗಳಲ್ಲಿ ಹೆಣ್ಣೇ ದೊಡ್ಡದು. ಈಗ ಹೆಣ್ಣು ಸರಿಯಾಗಿ ಹಾರುತ್ತಿತ್ತು, ಪಾಪ, ಗಂಡು ಕೆಳಗೆ ಅಂಗಾತ ಬಿದ್ದಿತ್ತು.

ಪೊರಕೆಯಂಥ ಕುಂಚ ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬ, "ಕೆಳಗಿನ ಹಕ್ಕಿಗೆ ಏನಾಗಿದೆ ಯಜಮಾನ್ರೇ?" ಎಂದು ಕೇಳಿದ.

"ಅದು ಗಂಡು. ಹೆಂಡತಿ ಬಂದ ಕೂಡಲೇ ಮಗುಚಿಕೊಂಡಿದೆ. ನಿಮ್ಮನೇಲಿ ಹಾಗಾಗಲ್ವಾ?" ಎಂದರು ಮಾವ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. "ನನ್ನ ಅಳಿಯ ತೆಗೆದದ್ದು. ನನಗೆ ಆಪರೇಷನ್ ಆದ ದಿನ. ಇಂಥ ಹಕ್ಕಿಗಳನ್ನ ಆಕಾಶದಲ್ಲೇ ಬಿಟ್ಟು ಓಡಿ ಬಂದ ಕಣ್ರೀ, ಸೈಕಲ್ ತುಳ್ಕೊಂಡು. ಬೆವರು ಅಂದ್ರೆ ಬೆವರು. ಒಳಗೆ ಹೋಗೋ ಮುಂಚೆ ಒಂದ್ಸಲ ನನ್ನ ಮುಖ ನೋಡ್ಬೇಕು ಅಂತ."

ಗಿರಾಕಿ ಅವನ ಕಡೆ ಮೆಚ್ಚುಗೆಯಿಂದ ನೋಡಿದ. ಅವನು ಡಬ್ಬದ ಮೇಲಿನ ಹೆಸರನ್ನು ಓದುತ್ತ ನಿಂತ. ಮಾವ ಈ ಕಥೆಯನ್ನು ಆಮೇಲೆ ಎಷ್ಟೋ ಜನಕ್ಕೆ ಹೇಳಿದರು, ಹೇಳಿದ ಹಾಗೆಲ್ಲ ಸೇತುವೆ ಉದ್ದವಾಯಿತು, ಗಾಳಿ ಜೋರಾಯಿತು. ಚಿತ್ರ ತಲೆಕೆಳಗಾಗಿದೆ ಎಂದು ಅವನು ಹೇಳಲಿಲ್ಲ. ಆವತ್ತು ತಾನು ಓಡಿ ಬಂದದ್ದು ಮಾವನ ಮುಖ ನೋಡುವುದಕ್ಕಲ್ಲ, ಒಂದು ಅಕ್ಷರ ನೋಡುವುದಕ್ಕೆ ಎಂಬುದನ್ನೂ ಅವನು ಎಂದೆಂದಿಗೂ ಹೇಳಲಿಲ್ಲ.